ಲಿಫ್ಟಪ್ಪ ಹೆಂಡತಿಯ ಸೈಕಲ್ಲಿಗೆ ಚೀಲ ಕಟ್ಟಿದ್ದು

ಲಿಫ್ಟಪ್ಪನನ್ನು ಕಟ್ಟಡದವರೆಲ್ಲ ಬಹಳ ವರ್ಷ ಮಹಾ ಧೈರ್ಯವಂತನೆಂದು ತಿಳಿದಿದ್ದರು. ಇದನ್ನು ಬರೆಯುತ್ತಿರುವವನೂ ಹಾಗೆಯೇ ತಿಳಿದಿದ್ದ. ಕಾರಣವಿತ್ತು. ಒಮ್ಮೆ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟು, ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡುವುದನ್ನೂ ಬಿಟ್ಟು ನೆಲ ನೋಡತೊಡಗಿದ್ದಾಗ, ನೆತ್ತಿಯ ಮೇಲಿನ ಮುಚ್ಚಳ ಕಿರ್ರೆಂದು ತೆರೆದುಕೊಂಡಿತು. ಹಣೆಗೆ ದೀಪ ಕಟ್ಟಿಕೊಂಡ, ಗ್ರೀಸು ಮೆತ್ತಿದ ಮುಖವೊಂದು ತಲೆಕೆಳಗಾಗಿ ಇಳಿಬಿದ್ದು, "ಯಾರೂ ಅಲ್ಲಾಡ್ಬೇಡಿ, ಒಂದ್ನಿಮಿಷ" ಎಂದಿತು. ಬಾವಿಯಂಥ ಕತ್ತಲಲ್ಲಿ, ಉಕ್ಕಿನ ಹಗ್ಗಗಳ ನಡುವೆ, ಲಿಫ್ಟಿನ ತಲೆಯ ಮೇಲೆ ನಿಂತು ಕೆಲಸ ಮಾಡುವವನಿಗೆ ಎಂಟೆದೆ ಇರಲೇಬೇಕು ಎಂದು ಅಂದೇ ತೀರ್ಮಾನವಾಯಿತು.

ಆ ಎಂಟೆದೆಯ ಬಂಟ ತನ್ನ ಮನೆಗೆ ದಿನವೂ ಮೆಟ್ಟಿಲು ಹತ್ತಿಯೇ ಹೋಗುತ್ತಾನೆಂಬುದು ಆಮೇಲೆ ಕಣ್ಣಿಗೆ ಬಿತ್ತು. ವ್ಯಾಯಾಮಕ್ಕಿರಬೇಕೆಂದು ಮೆಚ್ಚಿ ಕೇಳಿದರೆ, ಅವನು ಕಂಬಿ ಹಿಡಿದು ಏದುಸಿರು ಬಿಡುತ್ತಲೇ ಹೇಳಿದ: "ಈ ಲಿಫ್ಟು ನನ್ನ ಪಾಲಿಗೆ ಬರಲ್ಲ, ಅವತ್ತು ನೀವೆಲ್ಲ ಸಿಕ್ಹಾಕ್ಕೊಂಡ್ರಿ ಅಂತ ಬಂದಿದ್ದು. ಇದನ್ನ ಪರೀಕ್ಷೆ ಮಾಡೋನು ಬೇರೆ. ತುಂಬಾ ಧೈರ್ಯಸ್ಥ. ಧೈರ್ಯಸ್ಥರು ನೋಡಿದ ಲಿಫ್ಟಿಗೆ ನಾನು ಹತ್ತಲ್ಲ."

ಅಲ್ಲಿಗೆ ಸಂಶಯ ಹರಿಯಿತು. ಲಿಫ್ಟಪ್ಪ ಅಪ್ಪಟ ಪುಕ್ಕಲ. ಊರಿನ ಅರ್ಧದಷ್ಟು ಲಿಫ್ಟುಗಳನ್ನು ಪರೀಕ್ಷಿಸಿ ಸಹಿ ಹಾಕುವುದು ಅವನ ಉದ್ಯೋಗ. ಹೆದರಿಕೆಯೇ ಆ ಉದ್ಯೋಗಕ್ಕೆ ಅವನು ಹಾಕಿದ ಬಂಡವಾಳ. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ಹಳೆಯ ಕಟ್ಟಡವೊಂದರಲ್ಲಿ ಲಿಫ್ಟಿನ ಹಗ್ಗದ ಮೇಲೆ ಬಟ್ಟೆ ಆಡಿಸಿದ್ದ. ದೂರಕ್ಕೆ ಫಳಫಳ ಹೊಳೆಯುತ್ತಿದ್ದ ಹಗ್ಗದ ಕಡಿದ ಎಳೆಗಳು ಒಂದೊಂದಾಗಿ ಬಟ್ಟೆಗೆ ಸಿಕ್ಕಿಕೊಳ್ಳತೊಡಗಿದವು. ಹಗ್ಗ ಮುಳ್ಳುಹಂದಿಯಾಗಿತ್ತು. ಅದೇ ಲಿಫ್ಟಿನಲ್ಲಿ, ಸಿಳ್ಳೆ ಹಾಕುತ್ತ, ಅವನು ಆಗತಾನೇ ಮೇಲಕ್ಕೆ ಬಂದಿದ್ದ. ಅಂದಿನಿಂದ ಸಿಳ್ಳೆ ನಿಂತಿತು. ನೇತಾಡುವ ಯಾವ ವಸ್ತು ಕಂಡರೂ ಅವನ ಬಾಯಿಂದ ಬರುವುದು ಒಂದೇ ಮಾತು: "ಹೋದ್ರೆ?" ಗೋಡೆಯ ಗಡಿಯಾರ ಹೋದ್ರೆ? ಬಟ್ಟೆ ಒಣಗಿಸುವ ತಂತಿ ಹೋದ್ರೆ? ಅದಕ್ಕೆ ವೃತ್ತಿ ಕಲಿಸಿದ ಮದ್ದೂ ಒಂದೇ. ಲಿಫ್ಟನ್ನು ಒಂದೇ ಹಗ್ಗಕ್ಕೆ ಯಾರೂ ನೇತುಹಾಕುವುದಿಲ್ಲ; ಒಂದು ಕೈಬಿಟ್ಟರೆ ಇನ್ನೊಂದು ಹಿಡಿಯಬೇಕು. ಆ ನಿಯಮವನ್ನು ಅವನು ಮನೆಗೂ ತಂದಿದ್ದ. ಗಡಿಯಾರಕ್ಕೆ ಎರಡು ಮೊಳೆ, ಬಾಗಿಲಿಗೆ ಎರಡು ಚಿಲಕ, ಕನ್ನಡಕಕ್ಕೆ ಕಿವಿ ಸಾಲದೆಂದು ಕೊರಳಿಗೊಂದು ದಾರ.

"ನನ್ನ ಮಗಳು ಒಬ್ಳೇ ಸಾಕಾದ್ಳಲ್ಲ ಈ ಅಳಿಯಂಗೆ, ಅದೇ ಆಶ್ಚರ್ಯ" ಎಂದು ಅತ್ತೆ ಬಂದವರೆದುರು ಹೇಳಿ ನಗುತ್ತಿದ್ದರು. ಅತ್ತೆ ಇವರ ಮನೆಯಲ್ಲೇ ಇದ್ದರು. ಕಿಟಕಿಯ ಪಕ್ಕದ ಕುರ್ಚಿ, ಒಂದು ಹೆಣಿಗೆಯ ಚೀಲ ಮತ್ತು ಮನೆಯಲ್ಲಿ ಕೊನೆಯ ಮಾತು ಆಡುವ ಅಧಿಕಾರ ಅವರದಾಗಿತ್ತು. ಆ ಮಾತಿಗೆ ಬಂದವರೂ ನಗುತ್ತಿದ್ದರು. ಲಿಫ್ಟಪ್ಪ ನಗುತ್ತಿರಲಿಲ್ಲ.

ಹೆಂಡತಿಗೆ ಹೆದರಿಕೆಯ ಗಂಧಗಾಳಿ ಇರಲಿಲ್ಲ. ಊರಿನ ಈಜುಕೊಳದಲ್ಲಿ ಮಕ್ಕಳಿಗೆ, ಕೆಲವು ದಪ್ಪ ಯಜಮಾನರಿಗೆ ಈಜು ಕಲಿಸುತ್ತಿದ್ದಳು. ಅಂಚಿನಲ್ಲಿ ನಿಂತು ನೀರಿನ ಆಳದ ಬಗ್ಗೆ ವಿಚಾರಿಸುವವರನ್ನು ಹಿಂದಿನಿಂದ ಒಂದು ಬೆರಳಿನಲ್ಲಿ ನೂಕುವುದು ಅವಳ ಬೋಧನಾಕ್ರಮ. ವರ್ಷಗಟ್ಟಲೆ ಕೊಳದ ನೀರು ಹೊಕ್ಕು ಹೊಕ್ಕು ಅವಳ ಒಂದು ಕಿವಿ ಮಂದವಾಗಿತ್ತು. ಆ ಕಡೆ ನಿಂತು ಏನು ಹೇಳಿದರೂ ಅವಳಿಗೆ ಅದು ಒಪ್ಪಿಗೆಯಂತೆಯೇ ಕೇಳುತ್ತಿತ್ತು. ಇತ್ತೀಚೆಗೆ ಮಂಡಿಯೂ ತಕರಾರು ಶುರುಮಾಡಿತ್ತು. ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, ಮುಂದಿನ ವರ್ಷ ಕೊಯ್ಯೋಣ ಎಂದಿದ್ದರು.

ಅವಳಿಗೊಂದು ಆಸೆಯಿತ್ತು. ಊರಿನಾಚೆಗಿನ ಬೆಟ್ಟದ ಸಾಲನ್ನು ಸೈಕಲ್ಲಿನಲ್ಲಿ ದಾಟಬೇಕು; ಗುಡಾರ, ಹಾಸಿಗೆ, ಒಲೆ ಎಲ್ಲ ಸೈಕಲ್ಲಿಗೇ ಕಟ್ಟಿಕೊಂಡು ಹೋಗಿ, ಆಚೆ ಕಡೆಯ ಸರೋವರದಲ್ಲಿ ಈಜಬೇಕು. ಇದನ್ನು ಅವಳು ಮೊದಲ ಸಲ ಹೇಳಿದಾಗ ಲಿಫ್ಟಪ್ಪ "ಆಗಲಿ" ಎಂದ. ಹಾಗೆಂದ ರಾತ್ರಿಯಿಂದಲೇ ಅವನ ನಿದ್ದೆ ಹಾರಿತು. ಬೇಡವೆನ್ನುವ ಧೈರ್ಯವೂ ಅವನಿಗಿರಲಿಲ್ಲವಾದ್ದರಿಂದ, ಸಾಮಾನು ಸರಿಯಾಗಿ ಆರಿಸಿಕೊಂಡ ಮೇಲೆ ಹೊರಡೋಣ ಎಂಬ ದಾರಿ ಹಿಡಿದ. ಆರಿಸುವುದಕ್ಕೆ ಕೊನೆಯೆಂಬುದಿಲ್ಲ ಎನ್ನುವುದು ಆ ದಾರಿಯ ಸೊಗಸು.

ಅವನಿಗೆ ಗುರುವೂ ಸಿಕ್ಕಿದರು. ಊರಿನ ಸೈಕಲ್ ಸಂಘದ ಅಧ್ಯಕ್ಷರು. ಬಚ್ಚಲುಮನೆಗೆ ಹಾಸುವ ಟೈಲ್ಸ್ ಮಾರುವುದು ಅವರ ಕಸುಬಾದರೂ ಉಪದೇಶ ಅವರ ಸ್ವಭಾವ. ಅಂಗಡಿಯ ಒಳಗೆ, ಟೈಲ್ಸ್ ಡಬ್ಬಿಗಳ ನಡುವೆ, ಅವರ ಸೈಕಲ್ಲು ವಸ್ತುಪ್ರದರ್ಶನದಲ್ಲಿಟ್ಟಂತೆ ನಿಂತಿರುತ್ತಿತ್ತು. ಹ್ಯಾಂಡಲ್ಲಿಗೆ ಒಂದು ಚೀಲ, ಆ ಚೀಲಕ್ಕೆ ಒಂದು ಚೀಲ, ಸೀಟಿನ ಹಿಂದೆ ಕೋಳಿಯ ಬಾಲದಂತೆ ಮೇಲೆದ್ದ ಉದ್ದನೆಯದೊಂದು, ಬಾಳೆಹಣ್ಣಿಗೆಂದೇ ಬಾಗಿಸಿ ಹೊಲಿದ ಪುಟ್ಟದೊಂದು.

"ನೋಡಿ, ಸೈಕಲ್ ಯಾತ್ರೆ ಅಂದ್ರೆ ತೂಕದ ತತ್ತ್ವಶಾಸ್ತ್ರ" ಎಂದರು ಅಧ್ಯಕ್ಷರು. "ಹಲ್ಲುಜ್ಜೋ ಬ್ರಷ್ಷಿನ ಹಿಡಿಕೆ ಇದ್ಯಲ್ಲ, ಅದನ್ನೂ ಅರ್ಧಕ್ಕೆ ಕತ್ತರಿಸಿ ಇಟ್ಟಿದ್ದೀನಿ ನಾನು."

"ಎಲ್ಲೆಲ್ಲಿಗೆ ಹೋಗಿ ಬಂದ್ರಿ?" ಎಂದು ಜೊತೆಗೆ ಬಂದಿದ್ದ ಹೆಂಡತಿ ಕೇಳಿದಳು.

"ಹೋಗ್ಬೇಕು. ಇನ್ನೂ ಕತ್ತರಿಸ್ತಾ ಇದ್ದೀನಿ."

ಲಿಫ್ಟಪ್ಪನಿಗೆ ಅಲ್ಲೇ ಅವರ ಮೇಲೆ ಭಕ್ತಿ ಹುಟ್ಟಿತು. ಇಬ್ಬರೂ ಕೂಡಿ ಮೊದಲು ಫೋರ್ಕಿನ ವಿಚಾರಕ್ಕೆ ಕೈಹಾಕಿದರು. ಮುಂದಿನ ಚಕ್ರವನ್ನು ಎರಡು ಕಾಲುಗಳಿಂದ ಹಿಡಿದಿರುವ ಕವಲೇ ಫೋರ್ಕ್. ಭಾರವಾದ ಚೀಲಗಳನ್ನು ಈಗಿನವರು ಆ ಕಾಲುಗಳಿಗೂ ಕಟ್ಟುತ್ತಾರೆ. ಸೈಕಲ್ ಅಂಗಡಿಯಲ್ಲಿ ಸಾಲಾಗಿ ತೂಗುಬಿಟ್ಟಿದ್ದ ಫೋರ್ಕುಗಳ ಕೆಳಗೆ ಲಿಫ್ಟಪ್ಪ ನಿಲ್ಲಲೊಪ್ಪದೆ ಪಕ್ಕಕ್ಕೆ ಸರಿದು ನಿಂತ. ಸ್ಪ್ರಿಂಗಿನ ಫೋರ್ಕು ಒತ್ತಿದರೆ ಮೆತ್ತಗೆ ಕುಣಿಯುತ್ತಿತ್ತು. ಆದರೆ ಅದರ ಕಾಲಿಗೆ ಬೋಲ್ಟ್ ಹಾಕುವ ತೂತಿಲ್ಲ. ಚೀಲ ಕಟ್ಟಬೇಕಾದರೆ ಮೇಲಿಂದ ಕ್ಲ್ಯಾಂಪು ಬಿಗಿದು, ಅದು ಜಾರದಿರಲೆಂದು ಹಾರೈಸಿಕೊಂಡು ಹೋಗಬೇಕು. ಹಾರೈಕೆಗೆ ಸಹಿ ಹಾಕಿದವನಲ್ಲ ಲಿಫ್ಟಪ್ಪ. ಆಮೇಲೆ ಅಧ್ಯಕ್ಷರು ಕಾರ್ಬನ್ನಿನದೊಂದನ್ನು ಹಸುಗೂಸಿನಂತೆ ಎತ್ತಿ ಕೊಟ್ಟರು. ಲಿಫ್ಟಪ್ಪ ಅದನ್ನು ಗೆಣ್ಣಿನಿಂದ ಕುಟ್ಟಿ, ಕಿವಿಗೆ ಹಿಡಿದು ಕೇಳಿದ.

"ಇದು ಹೋಗೋಕೆ ಮುಂಚೆ ಹೇಳತ್ತಾ?"

"ಹೇಳೋದು ಅಂದ್ರೆ?"

"ಉಕ್ಕು ಆದ್ರೆ ಬಾಗತ್ತೆ, ಕಿರುಗುಟ್ಟತ್ತೆ. ಇದು?"

"ಇದು ಏನೂ ಹೇಳಲ್ಲ" ಎಂದರು ಅಧ್ಯಕ್ಷರು ಹೆಮ್ಮೆಯಿಂದ. "ಒಂದೇ ಸಲ ಹೋಗತ್ತೆ."

ಲಿಫ್ಟಪ್ಪ ಅದನ್ನು ನಿಧಾನವಾಗಿ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಗಂಡಹೆಂಡಿರ ಸೈಕಲ್ಲಿಗೆ ಆದದ್ದು ಉಕ್ಕಿನ ಫೋರ್ಕು. ಭಾರ, ಆದರೆ ಎರಡೂ ಕಾಲಿಗೆ ತಿರುಪು ಕೊರೆದ ತೂತುಗಳಿದ್ದವು, ಬೋಲ್ಟು ಕುತ್ತಿಗೆಯವರೆಗೆ ಕೂರುತ್ತಿತ್ತು. ಇಷ್ಟು ತೀರ್ಮಾನವಾಗುವಷ್ಟರಲ್ಲಿ ಒಂದು ಬೇಸಿಗೆ ಕಳೆದುಹೋಯಿತು. ಇನ್ನೊಂದು ಬೇಸಿಗೆಯನ್ನು ಕ್ಯಾರಿಯರ್ ತಿಂದಿತು. ಹಿಂದೆ ಕ್ಯಾರಿಯರ್ ಹಾಕಿ ಎರಡೂ ಬದಿಗೆ ಚೀಲ ಇಳಿಬಿಡುವುದೋ, ಕ್ಯಾರಿಯರೇ ಇಲ್ಲದೆ ಚೀಲಗಳನ್ನು ಸೈಕಲ್ಲಿನ ಮೈಗೇ ಪಟ್ಟಿಯಿಂದ ಬಿಗಿಯುವುದೋ? ಕ್ಯಾರಿಯರಿನ ಬೋಲ್ಟು ಅದುರಿ ಅದುರಿ ಸಡಿಲವಾಗುತ್ತದೆ. ಪಟ್ಟಿ ಉಜ್ಜಿ ಉಜ್ಜಿ ಸವೆಯುತ್ತದೆ. ಎರಡೂ ಹೋಗುವಂಥವೇ. ಹೋಗದಿರುವಂಥದ್ದು ಏನಾದರೂ ಉಂಟೇ ಎಂದು ಅವನು ಅಂಗಡಿಯವನನ್ನು ಕೇಳಿ, ಅಂಗಡಿಯವನು ಇವನನ್ನು ಕಂಡರೆ ಒಳಗೆ ಹೋಗುವಂತಾಯಿತು.

ಕಡೆಗೊಂದು ದಿನ ಹೆಂಡತಿ ಈಜುಕೊಳದಿಂದ ಒದ್ದೆ ತಲೆಯಲ್ಲೇ ಬಂದು, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಳು.

"ರೀ, ನಾನು ಈ ತಿಂಗಳು ಹೊರಡ್ತೀನಿ."

"ಕ್ಯಾರಿಯರ್ ಇನ್ನೂ..."

"ನನಗೆ ಕ್ಯಾರಿಯರ್ ಬೇಡ. ಸೀಟಿನ ಹಿಂದೊಂದು ಚೀಲ, ಫೋರ್ಕಿನ ಕಾಲಿಗೆ ಎರಡು. ಮುಗೀತು. ನೀವು ಬಂದ್ರೆ ಸಂತೋಷ, ಬರದಿದ್ರೆ ಒಬ್ಳೇ ಹೋಗ್ತೀನಿ. ಮುಂದಿನ ವರ್ಷ ಈ ಮಂಡಿ ಯಾರದಾಗಿರತ್ತೋ."

ಲಿಫ್ಟಪ್ಪ ಅತ್ತೆಯ ಕಡೆ ನೋಡಿದ. ಅತ್ತೆ ಹೆಣಿಗೆಯಿಂದ ತಲೆಯೆತ್ತದೆ, "ಅವಳು ಹೋಗೋಳೇ. ಅಳಿಯಂದ್ರೇ, ನೀವು ಇಲ್ಲೇ ಕೂತು ಹೆದರ್ಕೋತೀರೋ, ಅಲ್ಲಿಗೆ ಹೋಗಿ ಹೆದರ್ಕೋತೀರೋ ಅಷ್ಟು ಹೇಳಿ" ಎಂದರು.

ಇಲ್ಲಿ ಕೂತು ಹೆದರುವುದು ಎಂಥದೆಂದು ಅವನು ಕ್ಷಣಹೊತ್ತು ಯೋಚಿಸಿದ. ಫೋನು ಮುಂದಿಟ್ಟುಕೊಂಡು, ಆ ಬೆಟ್ಟದ ರಸ್ತೆಯ ಪ್ರತಿಯೊಂದು ತಿರುವನ್ನೂ ಈ ಕುರ್ಚಿಯಲ್ಲೇ ಕೂತು ಇಳಿಯಬೇಕು. "ಬರ್ತೀನಿ" ಎಂದ.

ಬರುವುದಾದರೆ ತನ್ನ ಕ್ರಮದಲ್ಲೇ. ತನ್ನ ಸೈಕಲ್ಲಿಗೆ ಅವನು ಕ್ಯಾರಿಯರನ್ನೇ ಹಾಕಿಸಿದ. ಲಿಫ್ಟನ್ನು ಪರೀಕ್ಷಿಸುವಾಗ ಅದು ಹೊರಬೇಕಾದ್ದಕ್ಕಿಂತ ಹೆಚ್ಚಿನ ಭಾರ ಹೇರಿ ನೋಡುವುದು ವಾಡಿಕೆ. ಹೆಂಡತಿಯ ಚೀಲಗಳಿಗೆ ಅವನು ಮರಳು ತುಂಬಿ, ನಡುಮನೆಯ ಬಾಗಿಲ ಚೌಕಟ್ಟಿಗೆ ಅವುಗಳದೇ ಪಟ್ಟಿಯಿಂದ ನೇತುಹಾಕಿದ. ಬಂದು ಹೋಗುವಾಗೆಲ್ಲ ಒಮ್ಮೊಮ್ಮೆ ಜಗ್ಗುತ್ತಿದ್ದ. ಅತ್ತೆ ಅಡುಗೆಮನೆಗೆ ಹೋಗಲು ತಲೆತಗ್ಗಿಸಬೇಕಾಯಿತು.

"ಅಳಿಯಂದ್ರೇ, ಇದು ನನಗೋಸ್ಕರ ಕಟ್ಟಿರೋದಾ?"

"ಅಲ್ಲಮ್ಮಾ, ಪರೀಕ್ಷೆ."

"ಪಾಸಾದ್ರೆ ಇಳಿಸ್ತೀರಾ, ಫೇಲಾದ್ರೆ ನನ್ನ ತಲೆ ಮೇಲೆ ತಾನೇ ಇಳಿಯತ್ತಾ?"

ಚೀಲಗಳು ಪಾಸಾದವು. ಪಟ್ಟಿ ಒಂದೆಳೆಯೂ ಹಿಗ್ಗಲಿಲ್ಲ, ಬಕಲ್ಲು ಜಾರಲಿಲ್ಲ. ಬೇರೆ ಯಾರಾದರೂ ಅಲ್ಲಿಗೆ ಬಿಡುತ್ತಿದ್ದರು. ಲಿಫ್ಟಪ್ಪ ಮಾತ್ರ, ಗಟ್ಟಿಯಾಗಿರುವುದು ಸಾಬೀತಾದ ಪ್ರತಿ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬಿಗಿದ. ಮೊದಲಿನದು ಹೋದರೆ ಹಿಡಿಯುವುದಕ್ಕೆ. ಅಂಗಡಿಯಲ್ಲಿ ಸಿಕ್ಕಿದ್ದು ಉದ್ದನೆಯ ಪಟ್ಟಿ. ಬಕಲ್ಲಿನಾಚೆ ಒಂದು ಗೇಣಿಗೂ ಮಿಕ್ಕಿ ತುದಿ ಉಳಿಯಿತು. ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳುವುದೆಂಬ ಹೆದರಿಕೆಯಿಂದ ಕತ್ತರಿಸದೆ, ಸುತ್ತಿ ಚೀಲದ ಅಡಿಗೆ ಸಿಕ್ಕಿಸಿದ.

"ಇದ್ಯಾಕ್ರೀ ಈ ಬಾಲ?" ಎಂದಳು ಹೆಂಡತಿ. "ಒಂದು ಪಟ್ಟಿ ಮರಳು ಹೊತ್ತಿದೆ. ನನ್ನ ಹಾಸಿಗೆ ಹೊರಲ್ವಾ?"

"ಹೋದ್ರೆ?"

ಅವಳು ಅವನ ಮುಖ ನೋಡಿದಳು. ಎರಡನೇ ಪಟ್ಟಿ ಅವನು ಬರುವುದಕ್ಕೆ ಅವಳು ತೆರಬೇಕಾದ ಸುಂಕವೆಂದು ಅರ್ಥವಾಯಿತು. "ಆಯ್ತು ಬಿಡಿ" ಎಂದಳು.

ಹೊರಟರು. ಏರುವಾಗ ಲಿಫ್ಟಪ್ಪನಿಗೆ ಅಂಥ ಕಷ್ಟವಾಗಲಿಲ್ಲ. ಸೈಕಲ್ಲು ಆಮೆಯಂತೆ ಹೋಗುತ್ತಿದ್ದರೆ ಯಾವ ಹೆದರಿಕೆಗೂ ಹಿಡಿಯಲು ಜಾಗ ಸಿಗುವುದಿಲ್ಲ. ಲಾರಿ ಬಂದಾಗಲೆಲ್ಲ ಇಳಿದು ಚರಂಡಿಯಲ್ಲಿ ನಿಂತ. ಬೆಟ್ಟದ ನೆತ್ತಿಯ ಬಳಿ ಗುಡಾರ ಹಾಕಿ, ಅದರ ಗೂಟಗಳಿಗೆ ತಲಾ ಒಂದು ಕಲ್ಲಿಟ್ಟು, ಇನ್ನೊಂದು ಕಲ್ಲೂ ಇಟ್ಟು ಮಲಗಿದ.

ಬೆಳಿಗ್ಗೆ ಎದ್ದರೆ ಮಂಜು. ನೆತ್ತಿಯಿಂದ ಆಚೆಗೆ ರಸ್ತೆ ಒಂದೇ ಸಮನೆ ಇಳಿಯುತ್ತಿತ್ತು. ಒಂದು ಕಡೆ ಕೊರೆದ ಬಂಡೆ, ಇನ್ನೊಂದು ಕಡೆ ಕಣಿವೆ. ಕಣಿವೆಯ ಅಂಚಿಗೆ ತಡೆಗೋಡೆ ಇರಬೇಕಾದಲ್ಲಿ ಬಿಳಿ ಬಣ್ಣ ಬಳಿದ ಗುಂಡುಕಲ್ಲುಗಳಿದ್ದವು, ಅಲ್ಲೊಂದು ಇಲ್ಲೊಂದು. ಉಳಿದವು ಎಲ್ಲಿಗೆ ಹೋಗಿರಬಹುದೆಂದು ಲಿಫ್ಟಪ್ಪ ಯೋಚಿಸಬಾರದೆಂದುಕೊಂಡರೂ ಯೋಚಿಸಿದ. ಮರಗಟ್ಟಿದ ಬೆರಳುಗಳಿಂದ ಹೆಂಡತಿಯ ಸೈಕಲ್ಲಿನ ಬಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ, ಜಗ್ಗಿ, ಮತ್ತೆ ಹಾಕತೊಡಗಿದ. ಕಣಿವೆ ಕಡೆಯ ಚೀಲದ ಹತ್ತಿರ ಬಂದಿದ್ದ. ಮೊದಲ ಪಟ್ಟಿ ನೋಡಿದ. ಎರಡನೆಯದನ್ನು ಬಿಚ್ಚಿ ಹಾಕುತ್ತಿದ್ದ.

"ಚಳಿ ಕಣ್ರೀ, ನಿಂತು ನಿಂತು ಮಂಡಿ ಹಿಡ್ಕೊಳ್ತಿದೆ, ನಾನು ಹೊರಟೆ!" ಎಂದು ಹೆಂಡತಿ ಪೆಡಲ್ ತುಳಿದೇಬಿಟ್ಟಳು. ಅವನ ಕೈ ಗಾಳಿಯಲ್ಲಿ ಉಳಿಯಿತು.

ತನ್ನ ಸೈಕಲ್ಲು ಹತ್ತಿ, ಎರಡೂ ಬ್ರೇಕು ಬಿಗಿಯಾಗಿ ಹಿಡಿದು ಅವನು ಇಳಿಯತೊಡಗಿದ. ಮೊದಲ ತಿರುವು ದಾಟಿದ ಮೇಲೆ ತಲೆಯೊಳಗೆ ಒಂದು ಪ್ರಶ್ನೆ ಎದ್ದಿತು. ಆ ತುದಿಯನ್ನು ಒಳಗೆ ಸಿಕ್ಕಿಸಿದೆನೋ, ಇಲ್ಲವೋ? ಬಕಲ್ಲು ಹಾಕಿದ್ದು ನೆನಪಿತ್ತು. ಹಾಕಿದೆನೆಂದು ನೆನಪಾಗುತ್ತಿದ್ದುದು ಇವತ್ತಿನದೋ ನಿನ್ನೆಯದೋ ಎಂಬುದು ನೆನಪಿರಲಿಲ್ಲ. ಸಿಕ್ಕಿಸಿದ್ದರೆ ಬೆರಳಿಗೆ ಚೀಲದ ಅಡಿಯ ಒದ್ದೆ ತಾಗಿರಬೇಕಿತ್ತು. ಬೆರಳಿಗೆ ಏನೂ ತಾಗಿದ್ದು ಗೊತ್ತಿರಲಿಲ್ಲ. ಬೆರಳೇ ಇದ್ದದ್ದು ಗೊತ್ತಿರಲಿಲ್ಲ.

ಮಂಜು ಒಂದಷ್ಟು ಹರಿಯಿತು. ಕೆಳಗೆ, ಮುಂದಿನ ತಿರುವಿನಲ್ಲಿ, ಹೆಂಡತಿ ಕಂಡಳು. ಹೊಳೆಯಲ್ಲಿ ತೇಲುವವಳಂತೆ ಹಾಯಾಗಿ ಇಳಿಯುತ್ತಿದ್ದಳು. ಅವಳ ಮುಂದಿನ ಚಕ್ರದ ಪಕ್ಕದಲ್ಲಿ ಕಪ್ಪಗೆ ಏನೋ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಹೊರಕ್ಕೆ, ಒಮ್ಮೆ ಕಡ್ಡಿಗಳ ಕಡೆಗೆ.

ಮುಂದಾಗುವುದು ಲಿಫ್ಟಪ್ಪನಿಗೆ ಚಿತ್ರದಂತೆ ಗೊತ್ತಿತ್ತು. ತುದಿ ಕಡ್ಡಿಗೆ ಸಿಕ್ಕುತ್ತದೆ. ಚಕ್ರ ಅದನ್ನು ಸುತ್ತಿಕೊಳ್ಳುತ್ತದೆ. ಪಟ್ಟಿ ಹರಿಯುವುದಿಲ್ಲ, ಅವನೇ ಆರಿಸಿ ತಂದದ್ದು. ಫೋರ್ಕು ಬಾಗುವುದಿಲ್ಲ, ಅದನ್ನೂ ಅವನೇ ಆರಿಸಿದ್ದು. ಬೋಲ್ಟು ಬಿಡುವುದಿಲ್ಲ. ಎಲ್ಲವೂ ಗಟ್ಟಿ. ಯಾವುದೂ ಹೋಗುವುದಿಲ್ಲವಾದ್ದರಿಂದ ಚಕ್ರ ನಿಲ್ಲುತ್ತದೆ. ಚಕ್ರ ನಿಂತರೆ ಹೋಗುವುದಕ್ಕೆ ಉಳಿದವಳು ಅವಳೊಬ್ಬಳು.

"ಏ! ನಿಲ್ಲು! ನಿಲ್ಲೇ!"

ಗಾಳಿ ಆ ಕೂಗನ್ನು ಅವನ ಬಾಯಿಗೇ ತಿರುಗಿ ತುರುಕಿತು. ಅವಳ ಮಂದ ಕಿವಿ ಬಂಡೆಯ ಕಡೆಗಿತ್ತು. ಕೇಳುವ ಕಿವಿ ಕಣಿವೆಯ ಕಡೆಗೆ. ಅವಳಿಗೆ ಕೇಳಿಸಬೇಕಾದರೆ ಅವಳಿಗೂ ಆ ಬಿಳಿಗಲ್ಲುಗಳಿಗೂ ನಡುವಿನ ಜಾಗಕ್ಕೆ ಹೋಗಬೇಕು. ಹೋಗಬೇಕಾದರೆ ಬ್ರೇಕು ಬಿಡಬೇಕು.

ಬೆರಳುಗಳಿಗೆ ಹೇಳಿದ, ಬಿಡಿ ಎಂದು. ಬೆರಳುಗಳು ಬಿಡಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಬಿಟ್ಟು ಅವುಗಳಿಗೆ ಅಭ್ಯಾಸವೇ ಇರಲಿಲ್ಲ. ಕೆಳಗೆ ಆ ಕಪ್ಪು ತುದಿ ಒಮ್ಮೆ ಒಳಕ್ಕೆ ಹೋಗಿ, ಕಡ್ಡಿಗೆ ಟಪ್ಪೆಂದು ಬಡಿದು, ಹೊರಬಂತು. ಆ ಸದ್ದು ಅಷ್ಟು ದೂರಕ್ಕೆ ಕೇಳಿರಲು ಸಾಧ್ಯವಿಲ್ಲ, ಅವನಿಗೆ ಕೇಳಿಸಿತು. ಬೆರಳು ಬಿಟ್ಟವು.

ಆಮೇಲಿನದು ಅವನಿಗೆ ಸವಾರಿ ಎನಿಸಲಿಲ್ಲ, ಬೀಳುವುದು ಎನಿಸಿತು. ಹಗ್ಗ ಹೋದ ಲಿಫ್ಟಿನಲ್ಲಿರುವವನಿಗೆ ಹೀಗೆಯೇ ಇರಬೇಕು: ಹೊಟ್ಟೆ ಮೇಲೆ ಉಳಿದು ಮೈ ಮಾತ್ರ ಕೆಳಕ್ಕೆ. ಕಣ್ಣಲ್ಲಿ ನೀರು ಕಟ್ಟಿ ರಸ್ತೆ ಕದಡಿತು. ಹಿಂದಿನ ಕ್ಯಾರಿಯರಿನ ಮೇಲೆ ಅವನ ಒಲೆಯೂ ಪಾತ್ರೆಯೂ ಹುಚ್ಚು ಹಿಡಿದವರಂತೆ ಬಡಿದಾಡುತ್ತಿದ್ದವು. ತಿರುವಿನಲ್ಲಿ ಉದುರು ಜಲ್ಲಿ ಬಿದ್ದಿತ್ತು. ಹಿಂದಿನ ಚಕ್ರ ಪಕ್ಕಕ್ಕೆ ಜಾರಿ, ಒಂದು ಬಿಳಿಗಲ್ಲು ಅವನ ಪಾದದ ಪಕ್ಕದಲ್ಲೇ ಹಾದುಹೋಯಿತು. ಅದರಾಚೆಗೆ ಏನೂ ಇರಲಿಲ್ಲ, ಮಂಜಿನ ಬಿಳುಪು ಬಿಟ್ಟರೆ. ಅವನು ಚೀರಿದ. ಚೀರುತ್ತಲೇ ಅವಳ ಪಕ್ಕಕ್ಕೆ ಬಂದ, ಕಣಿವೆಯ ಕಡೆಯಿಂದ.

ಹೆಂಡತಿ ತಿರುಗಿ ನೋಡಿದಳು. ಜನ್ಮದಲ್ಲಿ ಮೊದಲ ಸಲ ಗಂಡ ಇಳಿಜಾರಿನಲ್ಲಿ ತನ್ನ ಜೊತೆಗೆ ಬಂದದ್ದು ಕಂಡು ಅವಳ ಮುಖ ಅರಳಿತು.

"ಅಬ್ಬಾ! ಬನ್ರೀ, ನೋಡೇಬಿಡೋಣ!" ಎಂದು ಕೂಗಿ ಜೋರಾಗಿ ತುಳಿದಳು.

"ಹಿಂದಿನ ಬ್ರೇಕು!" ಲಿಫ್ಟಪ್ಪನ ದನಿ ಹರಿದುಹೋಗಿತ್ತು. "ಹಿಂದಿನದು! ಮೆಲ್ಲಗೆ! ಚಕ್ರ!"

ಮಾತು ಅವಳಿಗೆ ಅರ್ಧ ಕೇಳಿತು. ಆದರೆ ಮುಖ ಪೂರ್ತಿ ಕಂಡಿತು. ಈಜುಕೊಳದಲ್ಲಿ ನೀರು ಕುಡಿಯುತ್ತಿರುವವರ ಮುಖ ಹೇಗಿರುತ್ತದೆಂದು ಬಲ್ಲವಳು ಅವಳು. ನಗು ಅಲ್ಲೇ ನಿಂತಿತು. ಏನು, ಏಕೆ ಎಂದು ಕೇಳದೆ ಹಿಂದಿನ ಬ್ರೇಕು ಒತ್ತಿದಳು, ಅವನು ಹೇಳಿದ ಹಾಗೆ ಮೆಲ್ಲಗೆ. ವೇಗ ಇಳಿಯಿತು. ಇನ್ನೂ ಇಳಿಯಿತು. ನಡೆಯುವವರ ವೇಗಕ್ಕೆ ಬಂದಿರಬೇಕು, ಆಗ ಮುಂದಿನ ಚಕ್ರದಲ್ಲಿ ಕರ್ ಎಂಬ ಸದ್ದಾಯಿತು. ಚಕ್ರ ಗಕ್ಕನೆ ನಿಂತಿತು. ಸೈಕಲ್ಲಿನ ಹಿಂಭಾಗ ಮೊಳದಷ್ಟು ಮೇಲೆದ್ದು, ಮನಸ್ಸು ಬದಲಾಯಿಸಿ ಪಕ್ಕಕ್ಕೆ ಒರಗಿತು. ಅವಳು ಬಂಡೆಯ ಬುಡದ ಹುಲ್ಲಿನ ಮೇಲೆ ಕುಕ್ಕರಿಸಿದಳು. ಲಿಫ್ಟಪ್ಪ ನಿಲ್ಲಿಸಲು ಹೋಗಿ, ನಿಲ್ಲದೆ, ಅವಳಿಂದ ಸ್ವಲ್ಪ ಮುಂದೆ ಅದೇ ಹುಲ್ಲಿಗೆ ಮುಖವಿಟ್ಟು ಮಲಗಿದ. ಒಂದು ಪಾತ್ರೆ ಕಳಚಿಕೊಂಡು, ಉರುಳುತ್ತ, ಬಿಳಿಗಲ್ಲುಗಳ ನಡುವೆ ತೂರಿ ಕಣಿವೆಗೆ ಹೋಯಿತು. ಇಬ್ಬರೂ ಅದು ನೆಲ ಮುಟ್ಟುವ ಸದ್ದಿಗೆ ಕಾದರು. ಬಹಳ ಹೊತ್ತು ಬರಲಿಲ್ಲ.

ಹೆಂಡತಿ ಕುಂಟುತ್ತ ಎದ್ದು ಸೈಕಲ್ಲಿನ ಹತ್ತಿರ ಕೂತಳು. ಪಟ್ಟಿ ಚಕ್ರದ ನಡುವಿಗೂ ಫೋರ್ಕಿನ ಕಾಲಿಗೂ ಸುತ್ತಿಕೊಂಡು ವೀಣೆಯ ತಂತಿಯಂತೆ ಬಿಗಿದಿತ್ತು. ಬೆರಳಿಂದ ಮೀಟಿ ನೋಡಿದಳು.

"ಇದ್ಯಾವ ಪಟ್ಟಿ?"

"ಎರಡನೇದು."

"ಮೊದಲ್ನೇದು?"

ಲಿಫ್ಟಪ್ಪ ನೋಡದೆಯೇ ಹೇಳಿದ. "ಗಟ್ಟಿಯಾಗಿದೆ."

ಅವಳು ಬೈದಿದ್ದರೆ ಅವನಿಗೆ ಅನುಕೂಲವಿತ್ತು. ಜೇಬಿನಿಂದ ಚಾಕು ತೆಗೆದು ಅವನು ಪಟ್ಟಿ ಕತ್ತರಿಸಲು ಹೋದ. ಚಾಕು ಪಟ್ಟಿ ಬಿಟ್ಟು ಟಯರಿನ ಕಡೆ ಜಾರಿತು. "ಕೊಡಿ ಇಲ್ಲಿ" ಎಂದು ಅವಳೇ ಕತ್ತರಿಸಿದಳು. ಆ ಒಂದನ್ನಲ್ಲ, ಅವನು ಕಟ್ಟಿದ್ದ ಎಲ್ಲ ಎರಡನೇ ಪಟ್ಟಿಗಳನ್ನೂ. ಅವನು ಬೇಡವೆನ್ನಲು ಬಾಯಿ ತೆರೆದು, ಹಲ್ಲು ಕಟಕಟಿಸುತ್ತಿದ್ದುದರಿಂದ ಮುಚ್ಚಿಕೊಂಡ.

"ಇನ್ಮೇಲೆ ನೀವು ಮುಂದೆ ಹೋಗಿ" ಎಂದಳು.

"ನೀನು ಹಿಂದೆ ಇದ್ರೆ ನನಗೆ ಕಾಣಲ್ಲ."

"ಕಾಣಬಾರದು ಅಂತಾನೇ."

ಅವನು ಮುಂದೆ ಹೋದ, ಎರಡೂ ಬ್ರೇಕು ಹಿಡಿದು. ಕಾಲುಮೈಲಿಗೊಮ್ಮೆ ನಿಂತು, ಹಿಂದೆ ಅವಳ ಚಕ್ರದ ಸದ್ದು ಕೇಳಿದ ಮೇಲೆ ಮತ್ತೆ ಹೊರಟ. ಸರೋವರ ಸಿಕ್ಕಾಗ ಹೊತ್ತು ಇಳಿದಿತ್ತು. ಅವಳು ಬಟ್ಟೆಯಲ್ಲೇ ನೀರಿಗಿಳಿದು ದೂರದವರೆಗೆ ಈಜಿದಳು. ಅವನು ದಡದಲ್ಲಿ ಕೂತು, ಆ ತಲೆ ಮುಳುಗಿದಾಗಲೆಲ್ಲ ಉಸಿರು ಹಿಡಿದು, ಎದ್ದಾಗ ಬಿಟ್ಟ.

ಊರಿಗೆ ಬಂದ ಮೇಲೆ ಕಥೆ ಅತ್ತೆಯ ಕೈಗೆ ಸಿಕ್ಕಿತು. ಕಿಟಕಿಯ ಪಕ್ಕದ ಕುರ್ಚಿಯಿಂದ ಅದು ಮಹಡಿಗೊಂದು ತಿರುವು ಪಡೆಯುತ್ತ ಇಳಿದು, ಬೀದಿಗೆ ಬರುವಷ್ಟರಲ್ಲಿ ಲಿಫ್ಟಪ್ಪ ಕಣಿವೆಯನ್ನೇ ಹಾರಿದ್ದ. ಸೈಕಲ್ ಸಂಘದವರು ಸಭೆ ಕರೆದರು. ಟೈಲ್ಸ್ ಅಂಗಡಿ ತುಂಬಿತ್ತು. ಲಿಫ್ಟಪ್ಪ ಹಲ್ಲು ಕಿತ್ತಿಸಿಕೊಳ್ಳಲು ಬಂದವನಂತೆ ಕುರ್ಚಿಯ ತುದಿಯಲ್ಲಿ ಕೂತು ನಡೆದದ್ದನ್ನು ನಡೆದಷ್ಟೇ ಹೇಳಿದ. ಯಾವ ಪಟ್ಟಿ, ಅದನ್ನು ಯಾರು ಕಟ್ಟಿದ್ದು, ತಾನು ಹೇಗೆ ಚೀರಿದ್ದು, ಎಲ್ಲ. ಅಧ್ಯಕ್ಷರು ಕಣ್ಣು ಮುಚ್ಚಿ, ತಲೆದೂಗುತ್ತ ಕೇಳಿದರು. ಆಮೇಲೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಅನುಭವ ಅಂದ್ರೆ ಇದು! ಸಂಘದ ಎಲ್ಲರ ಪರವಾಗಿ ಒಂದೇ ಒಂದು ತಾಂತ್ರಿಕ ಪ್ರಶ್ನೆ. ಅಷ್ಟು ಕಡಿದಾದ ಜಾಗದಲ್ಲಿ, ಅಷ್ಟು ಭಾರ ಇಟ್ಕೊಂಡು, ಬ್ರೇಕ್ ಪೂರ್ತಿ ಬಿಟ್ಟು ಇಳಿಬೇಕು ಅಂದ್ರೆ, ನಿಮ್ಮ ಅಭಿಪ್ರಾಯದಲ್ಲಿ ಯಾವ ಫೋರ್ಕ್ ಹಾಕ್ಕೋಬೇಕು?"

ಲಿಫ್ಟಪ್ಪ ಅವರನ್ನೇ ನೋಡಿದ.

"ಯಾವ್ದಾದ್ರೂ ಆಗತ್ತೆ. ಮುಂದೆ ಹೆಂಡ್ತಿ ಹೋಗ್ತಿರ್ಬೇಕು, ಅಷ್ಟೆ."